ಸುಂಕ, ಸವಕಳಿ, ತೆರ: ಮೆಲ್ಲನೆಯ ಹಾನಿಯನ್ನು ಹೇಳುವ ಕನ್ನಡ ಪದಗಳ ಚರಿತ್ರೆ (ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯನ್ನು ಮುಂದಿಟ್ಟುಕೊಂಡು)

ಸಾರಾಂಶ

ದೀರ್ಘಕಾಲದಲ್ಲಿ ಸ್ವಲ್ಪಸ್ವಲ್ಪವಾಗಿ ಆಗುವ ಹಾನಿಯನ್ನು ಇಂಗ್ಲಿಷ್ ‘ಟೇಕ್ ಇಟ್ಸ್ ಟೋಲ್’ ಎಂಬ ನುಡಿಗಟ್ಟಿನಿಂದ ಹೇಳುತ್ತದೆ. ಹಾನಿಯೇ ಅಲ್ಲಿ ಸುಂಕ ವಸೂಲು ಮಾಡುವ ಕರ್ತೃ. ಸುಂಕದ ದೀರ್ಘ ಚರಿತ್ರೆಯಿರುವ ಮಲೆನಾಡಿನ ಮೂರು ತಾಲ್ಲೂಕುಗಳ ಕನ್ನಡದಲ್ಲಿ ‘ಸುಂಕ’ ಪದ ಇಂಥ ರೂಪಕವಾಗಲಿಲ್ಲ. ‘ಸವೆ’, ‘ತೇ’, ‘ತಿನ್ನು’, ‘ಕೊಳೆ’, ‘ಮುಳುಗು’ ಮೊದಲಾದ ಧಾತುಗಳು ಆ ಕೆಲಸವನ್ನು ಹಂಚಿಕೊಂಡವು. ಈ ಹಂಚಿಕೆಯಲ್ಲಿ ಹಾನಿಗೆ ಕಾರಣನಾದವನ ಸ್ಥಾನ ವಾಕ್ಯದಿಂದ ಮರೆಯಾಗುವ ಬಗೆಯನ್ನು ಲೇಖನವು ಪರಿಶೀಲಿಸುತ್ತದೆ. ‘ತೆರು’ ಧಾತುವಿನ ಚತುರ್ಥೀ ವಿಭಕ್ತಿಯಲ್ಲಿ ಆ ಸ್ಥಾನ ಉಳಿದಿದೆಯೆಂದು ವಾದಿಸುತ್ತದೆ.

ಮುಖ್ಯಪದಗಳು: ಸುಂಕ, ತೆರು, ಸವೆ, ಕರ್ತೃಲೋಪ, ನುಡಿಗಟ್ಟಿನ ಅನುವಾದ, ಮಲೆನಾಡು, ಮುಳುಗಡೆ

1. ಪ್ರವೇಶಿಕೆ

ಸ್ನಾತಕೋತ್ತರ ತರಗತಿಯೊಂದರಲ್ಲಿ ಅನುವಾದದ ಅಭ್ಯಾಸಕ್ಕೆಂದು ನಾನು ಒಂದು ಇಂಗ್ಲಿಷ್ ವಾಕ್ಯವನ್ನು ಕೊಟ್ಟಿದ್ದೆ. ಶರಾವತಿ ಕಣಿವೆಯ ಸ್ಥಳಾಂತರವು ಮೂರು ತಲೆಮಾರುಗಳ ಮೇಲೆ ತನ್ನ ‘ಟೋಲ್’ ತೆಗೆದುಕೊಂಡಿತು ಎಂಬುದು ಅದರ ಭಾವ. ಬಂದ ಉತ್ತರಗಳಲ್ಲಿ ಹೆಚ್ಚಿನವು ಹೀಗಿದ್ದವು:

(1) ಮುಳುಗಡೆಯು ಮೂರು ತಲೆಮಾರುಗಳನ್ನು ಬಲಿ ತೆಗೆದುಕೊಂಡಿತು.

ಪತ್ರಿಕಾಭಾಷೆಯ ಪರಿಚಯವಿರುವ ಯಾರಿಗೂ ಈ ವಾಕ್ಯ ಅಸಹಜವೆನಿಸದು. ಆದರೆ ಸಾಗರದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, “ನಮ್ಮ ಅಜ್ಜ ಇನ್ನೂ ಇದ್ದಾರಲ್ಲ ಮೇಡಂ” ಎಂದಳು. ಆಕೆಯ ಆಕ್ಷೇಪ ಅರ್ಥವಿಜ್ಞಾನದ ದೃಷ್ಟಿಯಿಂದ ನಿಖರವಾಗಿತ್ತು. ‘ಬಲಿ ತೆಗೆದುಕೊಳ್ಳು’ ಎಂಬುದು ಮುಗಿದುಹೋಗುವ, ಎಣಿಸಬಹುದಾದ ಘಟನೆಯನ್ನು ಹೇಳುವ ಕ್ರಿಯಾಪದ. ಅಪಘಾತವು ಐವರನ್ನು ಬಲಿ ತೆಗೆದುಕೊಂಡಿತು ಎನ್ನಬಹುದು. ‘ಮೆಲ್ಲಮೆಲ್ಲನೆ ಬಲಿ ತೆಗೆದುಕೊಳ್ಳುತ್ತಾ ಬಂದಿತು’ ಎಂದರೆ ಕೇಳುಗ ಸತ್ತವರ ಸರಣಿಯನ್ನು ಕಲ್ಪಿಸಿಕೊಳ್ಳುತ್ತಾನೆ, ಒಬ್ಬನೇ ವ್ಯಕ್ತಿಯ ಬಳಲಿಕೆಯನ್ನಲ್ಲ. ಹೀಗೆ (1)ರಲ್ಲಿ ಬದುಕಿರುವವರು ಸತ್ತವರ ಲೆಕ್ಕಕ್ಕೆ ಸೇರುತ್ತಾರೆ. ಬದುಕಿದ್ದು ನವೆದವರಿಗೆ ವಾಕ್ಯದಲ್ಲಿ ಸ್ಥಳವಿರುವುದಿಲ್ಲ.

ಆ ತರಗತಿಯಲ್ಲಿ ಹುಟ್ಟಿದ ಪ್ರಶ್ನೆಯೇ ಈ ಲೇಖನದ ಆರಂಭ. ಸುಂಕವೂ ಸವಕಳಿಯೂ ಕನ್ನಡಕ್ಕೆ ಹಳೆಯ ಅನುಭವಗಳು. ಇವೆರಡನ್ನು ಬೆಸೆಯುವ ರೂಪಕ ಕನ್ನಡದಲ್ಲಿ ಏಕೆ ನೆಲೆಗೊಳ್ಳಲಿಲ್ಲ? ಅದರ ಬದಲು ಏನು ನೆಲೆಗೊಂಡಿತು? ಇದನ್ನು ಪರಿಶೀಲಿಸಲು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆ ತಕ್ಕ ಕ್ಷೇತ್ರ. ಲೂಯಿಸ್ ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ (1904) ಈ ಮೂರು ತಾಲ್ಲೂಕುಗಳ ಶಾಸನಗಳು ಸೊರಬದ ಶಾಸನಗಳೊಂದಿಗೆ ಒಟ್ಟಿಗೆ ಸಿಗುತ್ತವೆ. ಇಂದಿನ ಹೊಸನಗರ ತಾಲ್ಲೂಕು ಅಲ್ಲಿ ‘ನಗರ’ ಎಂಬ ಹೆಸರಿನಲ್ಲಿದೆ.

2. ‘ಟೋಲ್’ ಎಂಬ ಪದದ ಹಾದಿ

ಇಂಗ್ಲಿಷಿನ ‘ಟೋಲ್’ ಪದದ ಮೂಲವನ್ನು ಗ್ರೀಕಿನ ‘ತೆಲೋನಿಯೊನ್’ (ಸುಂಕದ ಕಟ್ಟೆ), ಅದರ ಹಿಂದಿನ ‘ತೆಲೊಸ್’ (ತೆರಿಗೆ) ಪದಗಳವರೆಗೆ ಒಯ್ಯಲಾಗುತ್ತದೆ. ಲ್ಯಾಟಿನ್ನಿನ ಮೂಲಕ ಬಂದ ಈ ಪದ ಹಳೆಯ ಇಂಗ್ಲಿಷಿನಲ್ಲಿಯೇ ಇದೆ. ದಾರಿ, ಸೇತುವೆ, ಸಂತೆಗಳ ಸುಂಕದ ಜೊತೆಗೆ, ಹಿಟ್ಟಿನ ಗಿರಣಿಯವನು ಬೀಸಲು ತಂದ ಧಾನ್ಯದಲ್ಲಿ ಕೂಲಿಯಾಗಿ ಇಟ್ಟುಕೊಳ್ಳುತ್ತಿದ್ದ ಪಾಲಿಗೂ ಇದೇ ಹೆಸರಿತ್ತು. 14ನೆಯ ಶತಮಾನದ ಚಾಸರನ ಗಿರಣಿಯವನು ಒಂದು ಪಾಲಿನ ಬದಲು ಮೂರು ಪಾಲು ತೆಗೆಯುವವನೆಂದು ಹೆಸರುವಾಸಿ. ನುಡಿಗಟ್ಟಿನ ಒಳರಚನೆ ಇಲ್ಲಿಯೇ ಇದೆ. ಹಾದುಹೋಗುವ ಪ್ರತಿಸಲವೂ ಒಂದು ಹಿಡಿ ಕಳೆಯುತ್ತದೆ. ಒಂದೊಂದೇ ಹಿಡಿಯನ್ನು ನೋಡಿದರೆ ಅದು ನಷ್ಟವೆನಿಸದು. ವರ್ಷಗಳ ಲೆಕ್ಕ ಕೂಡಿಸಿದಾಗ ಕಣಜ ಬರಿದಾಗಿರುತ್ತದೆ. ಮುಖ್ಯವಾದ ಇನ್ನೊಂದು ಅಂಶವೆಂದರೆ ಕಳೆದುದು ಇಲ್ಲವಾಗುವುದಿಲ್ಲ, ಅದು ಇನ್ನೊಬ್ಬನ ಚೀಲ ಸೇರುತ್ತದೆ. ನುಡಿಗಟ್ಟು ರೂಪಕವಾದ ಮೇಲೂ ಈ ಇನ್ನೊಬ್ಬನ ಸ್ಥಾನ ಕರ್ತೃಪದದಲ್ಲಿ ಉಳಿಯಿತು. ವಯಸ್ಸು, ಯುದ್ಧ, ದುಡಿಮೆ ಯಾವುದೇ ಆಗಲಿ, ತೆಗೆದುಕೊಳ್ಳುವವನ ವೇಷದಲ್ಲಿ ಬರುತ್ತದೆ.

3. ಸುಂಕ: ಕೊಟ್ಟವರ ದಾಖಲೆ, ತೆತ್ತವರ ಗಾದೆ

ಕನ್ನಡದ ‘ಸುಂಕ’ ಸಂಸ್ಕೃತದ ‘ಶುಲ್ಕ’ಕ್ಕೆ ಸಂವಾದಿಯಾದ ಪ್ರಾಕೃತರೂಪದಿಂದ ಬಂದುದು. ಪಾಲಿಯಲ್ಲೂ ಇದು ‘ಸುಂಕ’ವೇ, ತಮಿಳಿನಲ್ಲಿ ‘ಸುಂಗಂ’, ತೆಲುಗಿನಲ್ಲಿ ‘ಸುಂಕಮು’. ಕನ್ನಡದಲ್ಲಿ ಅದು ಎಷ್ಟು ಬೇಗ ದೇಶ್ಯಪದದಂತೆ ವರ್ತಿಸತೊಡಗಿತೆಂಬುದಕ್ಕೆ ಸಮಾಸಗಳೇ ಸಾಕ್ಷಿ. ‘ಪೆರ್’ ಮತ್ತು ‘ಸುಂಕ’ ಸೇರಿ ಸಕಾರಕ್ಕೆ ಜಕಾರ ಆದೇಶವಾಗಿ ‘ಪೆರ್ಜುಂಕ’ವಾಯಿತು, ಮುಂದೆ ಪಕಾರವು ಹಕಾರವಾಗಿ ‘ಹೆಜ್ಜುಂಕ’ವಾಯಿತು. ಪಕ್ಕದ ಬಳ್ಳಿಗಾವೆಯ ಚಾಳುಕ್ಯಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳಗಳು ಬನವಾಸಿ ನಾಡಿನ ಆಡಳಿತದ ಪರಿಚಿತ ಪದಗಳು. ‘ಸುಂಕವೆರ್ಗಡೆ’ ಆ ಇಲಾಖೆಯ ಅಧಿಕಾರಿ.

ಶಾಸನಗಳಲ್ಲಿ ‘ಸುಂಕ’ದ ಜೊತೆಗೆ ಬರುವ ಕ್ರಿಯಾಪದಗಳನ್ನು ಗಮನಿಸಬೇಕು. ಅಲ್ಲಿ ಪದೇಪದೇ ಕಾಣುವುವು ‘ಬಿಡು’ ಮತ್ತು ‘ಕೊಡು’. ದೇವಾಲಯಕ್ಕೆ, ಬಸದಿಗೆ, ಅಗ್ರಹಾರಕ್ಕೆ ಸುಂಕವನ್ನು ಬಿಟ್ಟುಕೊಡುವ, ಇಲ್ಲವೆ ಅಡಕೆಯ ಹೇರು, ಎಲೆಯ ಹೇರುಗಳ ಮೇಲಿನ ಆಯವನ್ನು ಧರ್ಮಕ್ಕೆ ವಹಿಸುವ ಸಂದರ್ಭದಲ್ಲಿ ಆ ಪದ ಕಲ್ಲನ್ನೇರಿತು. ಇದು ದಾಖಲೆಯ ಸ್ವಭಾವದಿಂದ ಬಂದ ಓಲುವೆ. ಸುಂಕ ಕೊಡುವುದು ನಿತ್ಯದ ಸಂಗತಿ, ಅದನ್ನು ಯಾರೂ ಕೆತ್ತಿಸುವುದಿಲ್ಲ. ಬಿಡುವುದು ವಿಶೇಷ, ಅದನ್ನು ಕೆತ್ತಿಸುತ್ತಾರೆ. ತಮಿಳುನಾಡಿನಲ್ಲಿ ಒಂದನೆಯ ಕುಲೋತ್ತುಂಗ ಚೋಳನಿಗೆ ‘ಸುಂಗಂ ತವಿರ್ತ್ತ’, ಅಂದರೆ ಸುಂಕವನ್ನು ನೀಗಿದ, ಎಂಬ ಬಿರುದು ನಿಂತದ್ದೂ ಇದೇ ನ್ಯಾಯದಿಂದ. ಹೀಗೆ ಬರಹದ ಪರಂಪರೆಯಲ್ಲಿ ‘ಸುಂಕ’ವು ದಾನ, ಪುಣ್ಯ, ಕೀರ್ತಿಗಳ ನೆರೆಯಲ್ಲಿ ಬೆಳೆಯಿತು. ಅದು ನೋವಿನ ರೂಪಕವಾಗಲು ಬೇಕಾದ ಸಹವಾಸ ಅಲ್ಲಿರಲಿಲ್ಲ.

ತೆತ್ತವನ ಮಾತು ಬಾಯಿಯ ಪರಂಪರೆಯಲ್ಲಿದೆ: ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’. ಗಾದೆಯಲ್ಲಿ ದೂರು ಇರುವುದು ಕಿವಿಗೊಡದವನ ಬಗ್ಗೆ, ಸುಂಕದ ಭಾರದ ಬಗ್ಗೆ ಅಲ್ಲ. ಇಂಗ್ಲಿಷ್ ಕಲ್ಪನೆಯಲ್ಲಿ ಸುಂಕದವನು ಕಿತ್ತುಕೊಳ್ಳುವವನು. ಕನ್ನಡ ಕಲ್ಪನೆಯಲ್ಲಿ ಆತ ಹೇಳಿಕೊಂಡರೂ ಕೇಳಿಸಿಕೊಳ್ಳದವನು. ಒಂದೇ ವೃತ್ತಿಯಿಂದ ಎರಡು ಭಾಷೆಗಳು ಎರಡು ಬೇರೆ ಗುಣಗಳನ್ನು ಆಯ್ದುಕೊಂಡಿವೆ.

ಈ ಸೀಮೆಗೆ ಸುಂಕ ಅಪರಿಚಿತವಾಗಿತ್ತೆಂದು ಇದರಿಂದ ತಿಳಿಯಬಾರದು. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ, 17ನೆಯ ಶತಮಾನದಲ್ಲಿ ಬಿದನೂರಿಗೂ ಸರಿಯಿತು. ಬಿದನೂರು ಘಟ್ಟದ ಅಂಚಿನ ಊರು. ಮೇಲಿನ ಅಡಕೆ, ಮೆಣಸು, ಅಕ್ಕಿ ಕರಾವಳಿಗೆ ಇಳಿಯುವ, ಕೆಳಗಿನ ಉಪ್ಪು ಮೇಲೇರುವ ದಾರಿಗಳು ಅದರ ಕೈಯಳತೆಯಲ್ಲಿದ್ದವು. ಶಿವಪ್ಪ ನಾಯಕನ (1645–1660) ಭೂಕಂದಾಯದ ಏರ್ಪಾಡಿಗೆ ‘ಶಿಸ್ತು’ ಎಂದು ಹೆಸರು. ‘ಶಿವಪ್ಪ ನಾಯಕನ ಶಿಸ್ತು’ ಎಂಬುದನ್ನು ಇಂದಿನ ಓದುಗ ಅಚ್ಚುಕಟ್ಟು, ನಿಯಮಪಾಲನೆ ಎಂಬ ಅರ್ಥದಲ್ಲಿಯೇ ಗ್ರಹಿಸುತ್ತಾನೆ. ಕಂದಾಯದ ಪಾರಿಭಾಷಿಕವೊಂದು ಸದ್ಗುಣದ ಹೆಸರಾಗಿ ಕೇಳಿಸುವುದು ನಮ್ಮ ವಿಷಯಕ್ಕೆ ಅಪ್ರಸ್ತುತವಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದನ್ನು ಹೈದರ್‌ನಗರವೆಂದು ಕರೆದನು. 1830–31ರಲ್ಲಿ ಅದೇ ನಗರ ಸೀಮೆಯ ರೈತರು ಕಂದಾಯದ ವಸೂಲಿ ಕ್ರಮಗಳ ವಿರುದ್ಧ ಕೂಟ ಸೇರಿ ದಂಗೆಯೆದ್ದರು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಳ್ಳಲು ಆ ದಂಗೆ ಮುಖ್ಯ ಕಾರಣವಾಯಿತು. ಮುಂದೆ ಕಮೀಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿ ಸಂಸ್ಥಾನದಾದ್ಯಂತ 700ಕ್ಕೂ ಮಿಕ್ಕ ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಅಷ್ಟು ಬಗೆಯ ಹಿಡಿಹಿಡಿಗಳು ಅದುವರೆಗೆ ಕಳೆಯುತ್ತಿದ್ದವೆಂಬುದೇ ಇದರ ಅರ್ಥ. ಗಿರಣಿಯವನ ಪಾಲಿಗೆ ಸರಿದೂಗುವ ಅನುಭವ ಇಲ್ಲಿ ಧಾರಾಳವಾಗಿತ್ತು. ಅದು ರೂಪಕವಾಗಿ ಬೆಳೆಯಲಿಲ್ಲ, ಅಷ್ಟೆ.

ಇಂದು ಆ ಅವಕಾಶವೂ ಕಡಿಮೆಯಾಗಿದೆ. ಒಂದು ಕಾಲಕ್ಕೆ ‘ಸುಂಕ’ ಒಂದೇ ಹೊತ್ತಿದ್ದ ಅರ್ಥಗಳನ್ನು ಈಗ ಮೂರು ಪದಗಳು ಹಂಚಿಕೊಂಡಿವೆ. ಸೀಮಾ ಸುಂಕ, ಅಬಕಾರಿ ಸುಂಕಗಳಲ್ಲಿ ‘ಸುಂಕ’ವು ಸರ್ಕಾರದ ಪಾರಿಭಾಷಿಕವಾಗಿದೆ. ಅದರ ಸಂಸ್ಕೃತರೂಪ ‘ಶುಲ್ಕ’ ಮರಳಿ ಬಂದು ಪ್ರವೇಶ, ಪರೀಕ್ಷೆಗಳ ಹಣವನ್ನು ಹೇಳುತ್ತದೆ. ಹೆದ್ದಾರಿಯ ಸುಂಕವು ಆಡುಮಾತಿನಲ್ಲಿ ‘ಟೋಲ್’ ಆಗಿದೆ. ಇಂಗ್ಲಿಷ್ ನುಡಿಗಟ್ಟಿನ ಮೂಲಪದವೇ ಕನ್ನಡದ ಬೀದಿಗೆ ಬಂದಿದ್ದರೂ ನುಡಿಗಟ್ಟು ಅದರ ಹಿಂದೆ ಬರಲಿಲ್ಲ.

4. ಸವೆ ಮತ್ತು ತೇ: ಕರ್ತೃವಿಲ್ಲದ ಸವೆತ, ಕರ್ತೃವೇ ಸವೆಯುವ ತೇಯ್ಗೆ

ಮೆಲ್ಲನೆಯ ಹಾನಿಗೆ ಕನ್ನಡದ ಕೇಂದ್ರಧಾತು ‘ಸವೆ’. ಹಳಗನ್ನಡದ ‘ಸಮೆ’ಯಲ್ಲಿ ಸ್ವರಮಧ್ಯದ ಮಕಾರವು ವಕಾರವಾಗಿ ಈ ರೂಪ ಬಂದಿದೆ, ‘ಎಮೆ’ ‘ಎವೆ’ಯಾದಂತೆ. ಇದು ಅಕರ್ಮಕ. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ, ಮಾತು ಸವೆಯುತ್ತದೆ. ಕಾಲದ ಹರಿವನ್ನು ತೋರಲು ಕನ್ನಡಕ್ಕೆ ಕ್ರಿಯಾವಿಶೇಷಣದ ಹಂಗಿಲ್ಲ. ‘ಸವೆಯುತ್ತಾ ಬಂದಿದೆ’ ಎಂದರೆ ಹಿಂದಿನಿಂದ ಇಂದಿನವರೆಗೆ ನಡೆದುಬಂದ ಕ್ರಿಯೆ. ‘ಸವೆದುಹೋಯಿತು’ ಎಂದರೆ ಮರಳಲಾರದ ಮುಕ್ತಾಯ. ಸಹಾಯಕ ಕ್ರಿಯಾಪದಗಳ ಈ ಸೂಕ್ಷ್ಮತೆಯಲ್ಲಿ ಕನ್ನಡವು ಇಂಗ್ಲಿಷ್ ನುಡಿಗಟ್ಟಿಗಿಂತ ಶ್ರೀಮಂತವಾಗಿದೆ. ಆದರೆ ಬೆಲೆ ಇನ್ನೊಂದು ಕಡೆ ತಗಲುತ್ತದೆ:

(2) ಮೂರು ತಲೆಮಾರುಗಳು ಸವೆದುಹೋದವು.

ಇಲ್ಲಿ ಸವೆಸಿದವರು ಯಾರೆಂಬ ಪ್ರಶ್ನೆಯನ್ನು ವಾಕ್ಯ ಎತ್ತುವುದಿಲ್ಲ. ಪ್ರೇರಣಾರ್ಥಕ ‘ಸವೆಸು’ವನ್ನು ಬಳಸಿದರೂ ಸಮಸ್ಯೆ ಪೂರ್ತಿ ಬಗೆಹರಿಯದು. ‘ನೀರು ಕಲ್ಲನ್ನು ಸವೆಸಿತು’ ಎಂಬುದು ಸಹಜ. ಮನುಷ್ಯರ ವಿಷಯದಲ್ಲಿ ಮಾತ್ರ ಈ ಕ್ರಿಯಾಪದದ ರೂಢಿ ಬೇರೆ: ದಾರಿ ಸವೆಸಿದ, ಆಯುಷ್ಯ ಸವೆಸಿದ, ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ. ಮೂರರಲ್ಲೂ ಸವೆಸುವವನು ಸವೆದವನೇ.

‘ತೇ’ ಧಾತುವಿನಲ್ಲಿ ಇದು ಇನ್ನೂ ಸ್ಪಷ್ಟ. ತಮಿಳಿನ ‘ತೇಯ್’ ಅಕರ್ಮಕವಾಗಿ ಚಂದ್ರನ ಕ್ಷಯವನ್ನೂ ಹೇಳಬಲ್ಲದು. ಕನ್ನಡದಲ್ಲಿ ಮುಖ್ಯವಾಗಿ ಸಕರ್ಮಕ ಬಳಕೆ ಉಳಿದಿದೆ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು ಸಾಗರ. ಕಲ್ಲಿನ ಮೇಲೆ ಗಂಧ ತೇಯುವುದು ಇಲ್ಲಿನ ಮನೆಮನೆಯ ನಿತ್ಯಕರ್ಮ. ಅದರಿಂದ ಬಂದ ರೂಪಕ:

(3) ಅವರು ಶಾಲೆಗಾಗಿ ಜೀವ ತೇದರು.

ಇದು ಹೊಗಳಿಕೆಯ ವಾಕ್ಯ. ಕೊರಡು ಸವೆದಷ್ಟೂ ಪರಿಮಳ ಹೆಚ್ಚುವುದರಿಂದ ಹಾನಿಯೇ ಇಲ್ಲಿ ಗುಣವಾಗುತ್ತದೆ. ಶ್ರದ್ಧಾಂಜಲಿ, ಸನ್ಮಾನಪತ್ರಗಳ ಭಾಷೆಗೆ ಇದು ಒಗ್ಗುತ್ತದೆ. ದೂರಿನ ಭಾಷೆಗೆ ಒಗ್ಗುವುದಿಲ್ಲ. ಜೀವ ತೇದವನು ಪರಿಹಾರ ಕೇಳಿದರೆ ತೇದುದರ ಪುಣ್ಯವೇ ಹೋಗುತ್ತದೆ.

ಸವೆತವನ್ನು ಅಳೆದು, ಅದರ ನಷ್ಟ ಯಾರದೆಂದು ನಿರ್ಧರಿಸುವ ಪದಗಳೂ ಕನ್ನಡದಲ್ಲಿವೆ. ಅವು ವ್ಯಾಪಾರದ ಪದಗಳು. ಅಕ್ಕಸಾಲಿಗನ ಲೆಕ್ಕದ ‘ತೇಮಾನು’, ವಾಣಿಜ್ಯಶಾಸ್ತ್ರದ ಪಠ್ಯದ ‘ಸವಕಳಿ’, ಹಣ ಬದಲಿಸುವಲ್ಲಿನ ‘ವಟ್ಟ’ ಇಂಥವು. ಇಕ್ಕೇರಿಯ ಟಂಕಸಾಲೆಯ ವರಹಕ್ಕೆ ಎಷ್ಟು ಪ್ರತಿಷ್ಠೆಯಿತ್ತೆಂದರೆ, ರಾಜಧಾನಿ ಬಿದನೂರಿಗೆ ಹೋದ ಮೇಲೂ ನಾಣ್ಯದ ಹೆಸರು ‘ಇಕ್ಕೇರಿ ವರಹ’ವಾಗಿಯೇ ಉಳಿಯಿತು. ನೂರು ಕೈ ದಾಟಿ ಬಂದ ನಾಣ್ಯ ಚಿನಿವಾರನ ತಕ್ಕಡಿಯಲ್ಲಿ ಹಗುರವಾಗಿ ನಿಂತಾಗ ವಟ್ಟ ಕಳೆಯುವುದು ಆ ಹೊತ್ತಿನಲ್ಲಿ ಅದನ್ನು ಹಿಡಿದವನ ಗಂಟಿನಿಂದ. ಸವೆಸಿದ ಕೈಗಳು ನೂರು, ನಷ್ಟ ಕೊನೆಯವನದು. ಮೆಲ್ಲನೆಯ ಹಾನಿಯ ಆರ್ಥಿಕ ಸ್ವರೂಪವೇ ಇದು.

5. ತಿನ್ನು, ಕೊಳೆ: ಬಾಯಿರುವ ಕಾರಣಗಳು

ಕನ್ನಡದ ವ್ಯಾಕರಣವು ಮೆಲ್ಲನೆಯ ಹಾನಿಗೆ ಕರ್ತೃವನ್ನೇ ಒಲ್ಲದೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಕರ್ತೃ ಬರುವ ಒಂದು ಸಮೃದ್ಧ ಮಾದರಿ ಇದೆ:

(4) ಸಾಲ ಅವನನ್ನು ತಿಂದುಹಾಕಿತು.

ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಗೆದ್ದಲು ತೊಲೆಯನ್ನು ತಿನ್ನುತ್ತದೆ, ಚಿಂತೆ ಮನುಷ್ಯನನ್ನು ತಿನ್ನುತ್ತದೆ. ಇಂಗ್ಲಿಷಿನಲ್ಲಿ ಸುಂಕದವನಿರುವ ಸ್ಥಾನದಲ್ಲಿ ಕನ್ನಡದಲ್ಲಿ ತಿನ್ನುವ ಬಾಯಿ ಇದೆ. ಈ ಎರಡಕ್ಕೂ ವ್ಯತ್ಯಾಸವಿದೆ. ಸುಂಕದವನ ಹಿಂದೆ ಒಂದು ಅರಮನೆ ಇರುತ್ತದೆ, ಒಂದು ದರ ಇರುತ್ತದೆ, ಎಲ್ಲೋ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಗೆದ್ದಲಿಗೆ ಹಸಿವು ಮಾತ್ರ. (4)ರಲ್ಲಿ ತಿಂದದ್ದು ಸಾಲ. ಸಾಲ ಕೊಟ್ಟವನು ವಾಕ್ಯದ ಹೊರಗೆ ನಿಂತಿದ್ದಾನೆ.

ಈ ಸೀಮೆಯ ತೋಟಗಳಿಂದ ಹೊರಟ ಒಂದು ಪದ ಎದುರುದಿಕ್ಕಿನಲ್ಲಿ, ಕನ್ನಡದಿಂದ ಇಂಗ್ಲಿಷಿಗೆ, ಹೋದುದನ್ನೂ ಇಲ್ಲಿ ನೆನೆಯಬೇಕ. ‘ಕೊಳೆ’ ಎಂಬ ಅಕರ್ಮಕ ಧಾತುವಿನಿಂದಾದ ‘ಕೊಳೆರೋಗ’ ಮಲೆನಾಡಿನ ಬೆಳೆಗಾರರ ಮಾತು. 1876ರಲ್ಲಿ ಕುಕ್ ಎಂಬ ಶಿಲೀಂಧ್ರಶಾಸ್ತ್ರಜ್ಞ ಮೈಸೂರಿನ ಕಾಫಿಯ ರೋಗಕಾರಕಕ್ಕೆ ಹೆಸರಿಡುವಾಗ ಪ್ರಭೇದಸೂಚಕವಾಗಿ ‘ಕೊಳೆರೋಗ’ವನ್ನೇ ತೆಗೆದುಕೊಂಡನು. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಕೆಯ ರೋಗವನ್ನು ಕುರಿತ ತಮ್ಮ ಇಂಗ್ಲಿಷ್ ಪ್ರಕಟಣೆಯಲ್ಲಿ ಆ ಪದವನ್ನು ಉಳಿಸಿಕೊಂಡು, ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು. ಬೆಳೆಗಾರನ ಪದದಲ್ಲಿ ಇದ್ದುದು ಪರಿಣಾಮ; ವಿಜ್ಞಾನಿ ಅದಕ್ಕೆ ಕರ್ತೃವನ್ನು ಕೂಡಿಸಿದನು. ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ತೋಟಗಳಿಗೆ ಬೋರ್ಡೋ ದ್ರಾವಣ ಬಂದದ್ದು ಈ ಕೂಡಿಸುವಿಕೆಯ ಫಲ. ಕಾರಣನ ಸ್ಥಾನ ತುಂಬಿದಾಗ ಮಾತ್ರ ಮದ್ದಿನ ಪ್ರಶ್ನೆ ಏಳುತ್ತದೆಂಬುದಕ್ಕೆ ಇದು ಸರಳ ನಿದರ್ಶನ.

6. ಮುಳುಗಡೆ: ಒಂದು ಕೃದಂತದ ರಾಜಕಾರಣ

20ನೆಯ ಶತಮಾನವು ಸಾಗರ, ಹೊಸನಗರಗಳಿಗೆ ಕೊಟ್ಟ ಪದ ‘ಮುಳುಗಡೆ’. 1940ರ ದಶಕದಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಗೆ ಅಡ್ಡ ನಿಂತವು. ಎರಡನೆಯದರ ನೀರಿನಲ್ಲಿ ಮೊದಲನೆಯದೂ ಮುಳುಗಿತು. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳ ವಸ್ತು ಈ ನೀರೇ.

ರೂಪರಚನೆಯಲ್ಲಿ ‘ಮುಳುಗಡೆ’ಯು ‘ಬಿಡುಗಡೆ’, ‘ನಿಲುಗಡೆ’ಗಳ ಜಾತಿಗೆ ಸೇರಿದ ಭಾವನಾಮ. ಅದರ ಧಾತು ಅಕರ್ಮಕ ‘ಮುಳುಗು’, ಸಕರ್ಮಕ ‘ಮುಳುಗಿಸು’ ಅಲ್ಲ. ಜೊತೆಗೂಡುವ ಕ್ರಿಯಾಪದಗಳಲ್ಲಿಯೂ ಭೇದವಿದೆ. ‘ಬಿಡುಗಡೆ’ಯು ‘ಮಾಡು’, ‘ಆಗು’ ಎರಡರೊಂದಿಗೂ ಸಲೀಸಾಗಿ ಬರುತ್ತದೆ. ‘ಮುಳುಗಡೆ’ಗೆ ‘ಆಗು’ವೇ ರೂಢಿ: ಊರು ಮುಳುಗಡೆಯಾಯಿತು, ಜಮೀನು ಮುಳುಗಡೆಯಾಯಿತು. ಹೊಳೆ ತಾನಾಗಿ ಉಕ್ಕಿದಾಗಲೂ, ಯೋಜನೆಯೊಂದು ನಕ್ಷೆ ಹಾಕಿ ನೀರು ನಿಲ್ಲಿಸಿದಾಗಲೂ ವಾಕ್ಯದ ರೂಪ ಒಂದೇ. ಅದರ ಜೊತೆಗೆ ಸೇರಿದ ‘ಸಂತ್ರಸ್ತ’ ಪದ ಸಂಸ್ಕೃತದಲ್ಲಿ ‘ಬೆದರಿದವನು’ ಎಂಬ ಅರ್ಥದ್ದು. ಆಡಳಿತ ಕನ್ನಡದಲ್ಲಿ ‘ಹಾನಿಗೊಳಗಾದವನು’ ಎಂಬ ಅರ್ಥಕ್ಕೆ ಸರಿದಿದೆ. ಅದೂ ಕರ್ಮಣಿ ಕೃದಂತದ ಹಾಗೆ ನಡೆಯುವ ಪದ; ಬೆದರಿಸಿದವನಿಗೆ ಅಲ್ಲಿ ಸ್ಥಳವಿಲ್ಲ. ‘ಮುಳುಗಡೆ ಸಂತ್ರಸ್ತ’ ಎಂಬ ಸಮಾಸದಲ್ಲಿ ಕರ್ತೃ ಎರಡು ಸಲ ಲುಪ್ತನಾಗಿದ್ದಾನೆ.

ಲುಪ್ತವಾದ ಸ್ಥಾನವನ್ನು ತುಂಬಲು ಸಾರ್ವಜನಿಕ ಭಾಷಣಗಳು ಒದಗಿಸಿದ್ದು ‘ತ್ಯಾಗ’ವನ್ನು. ನಾಡಿಗೆ ಬೆಳಕು ಕೊಡಲು ತ್ಯಾಗ ಮಾಡಿದವರು ಎಂಬ ಒಕ್ಕಣೆ ಶರಾವತಿಯ ಜನರ ಬಗ್ಗೆ ಈಗ ಸಿದ್ಧಮಾದರಿ. ವ್ಯಾಕರಣದ ದೃಷ್ಟಿಯಿಂದ ಇದು (3)ರ ಮಾದರಿಯೇ. ಸಂತ್ರಸ್ತನೇ ಇಲ್ಲಿ ಕರ್ತೃ. ಆತ ತೇದುಕೊಂಡನು, ನಾಡು ಪರಿಮಳವನ್ನು ಪಡೆಯಿತು. ಆದರೆ ಇಲ್ಲಿನ ಹಾನಿ ಒಂದು ದಿನ ನಡೆದ ತ್ಯಾಗವಲ್ಲ. ಬೇರೆಡೆ ನೆಲೆಗೊಂಡವರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳಾದರೂ ಪೂರ್ತಿ ಇತ್ಯರ್ಥವಾಗಿಲ್ಲ. ಹಿನ್ನೀರಿನಾಚೆಯ ಊರುಗಳು ಲಾಂಚಿಗೆ ಕಾಯುವುದು ತಪ್ಪಿದ್ದು 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ. ಆ ಕಾಯುವಿಕೆಯಲ್ಲಿ ಕಳೆದ ಹೊತ್ತು ಯಾವ ಮುಳುಗಡೆಯ ಪಟ್ಟಿಗೂ ಸೇರಿಲ್ಲ. ಇಕ್ಕೇರಿ ವರಹದ ಹಾಗೆ ನಾಣ್ಯ ಮೂರನೆಯ ಕೈಗೆ ಬಂದಿದೆ. ವಟ್ಟ ಕಳೆಯುತ್ತಿರುವುದು ಮೊಮ್ಮಗಳ ಗಂಟಿನಿಂದ.

7. ತೆರು: ಉಳಿದಿರುವ ವಿಭಕ್ತಿ

ಹಾಗಾದರೆ ತರಗತಿಯ ವಾಕ್ಯವನ್ನು ಅನುವಾದಿಸುವುದು ಹೇಗೆ? ನನ್ನ ಸೂಚನೆ ‘ತೆರು’ ಧಾತುವಿನ ಕಡೆಗೆ. ಹಳಗನ್ನಡದಲ್ಲಿ ‘ತೆಱು’ (ಶಕಟರೇಫದಿಂದ). ತಮಿಳಿನ ‘ತಿಱೈ’ (ಕಪ್ಪಕಾಣಿಕೆ) ಇದರ ಬಂಧು. ‘ತೆರಿಗೆ’, ‘ತೆರ’ಗಳು ಇದರಿಂದಲೇ ಬಂದವು. ‘ಸುಂಕ’ವು ಆಳುವವನ ಪದವಾದರೆ ‘ತೆರು’ ಕೊಡುವವನ ಕ್ರಿಯಾಪದ. ಪ್ರಾಣ ತೆತ್ತರು, ದಂಡ ತೆತ್ತರು ಎಂಬಲ್ಲಿ ಅದು ರೂಪಕವಾಗಿಯೂ ಪಳಗಿದೆ.

ಇದರ ವಿಶೇಷವಿರುವುದು ವಿಭಕ್ತಿಯಲ್ಲಿ:

(5) ತಪ್ಪಿಗೆ ಅರಮನೆಗೆ ದಂಡ ತೆತ್ತರು.

ಇಲ್ಲಿ ಎರಡು ಚತುರ್ಥಿಗಳಿವೆ. ಒಂದು ನಿಮಿತ್ತ, ಇನ್ನೊಂದು ಪಡೆದವನು. ಆಧುನಿಕ ಬರಹದ ‘ಬೆಲೆ ತೆರು’ವಿನಲ್ಲಿ ನಿಮಿತ್ತದ ಚತುರ್ಥಿಯೇ ಮೇಲುಗೈ ಪಡೆದಿದೆ, ‘ಬೆಲೆ ತೆತ್ತರು’ ಎಂದೊಡನೆ ‘ಯಾವ ತಪ್ಪಿಗೆ?’ ಎಂದು ಕೇಳುವಂತಾಗಿ ನೊಂದವನೇ ಅಪರಾಧಿಯಾಗುತ್ತಾನೆ. ಆದ್ದರಿಂದ ‘ಬೆಲೆ’ಯನ್ನು ಬಿಟ್ಟು, ಪಡೆದವನ ಚತುರ್ಥಿಯನ್ನು ತುಂಬಿ, ಸಹಾಯಕ ಕ್ರಿಯಾಪದದಿಂದ ಕಾಲದ ಹರಿವನ್ನು ತರಬೇಕು:

(6) ಮೂರು ತಲೆಮಾರಿನವರು ನಾಡಿನ ವಿದ್ಯುತ್ತಿಗೆ ತಮ್ಮ ಬದುಕನ್ನು ತೆರುತ್ತ ಬಂದಿದ್ದಾರೆ.

‘ತೆರುತ್ತ ಬಂದಿದ್ದಾರೆ’ ಎಂಬಲ್ಲಿ ಹಿಡಿಹಿಡಿಯಾಗಿ ಕಳೆದ ಕಾಲವಿದೆ. ತೆತ್ತವರು ಬದುಕಿದ್ದಾರೆ. ತೆತ್ತುದು ಇಲ್ಲವಾಗದೆ ಎಲ್ಲೋ ಸೇರಿದೆ ಎಂಬುದೂ ಇದೆ. ಚತುರ್ಥಿಯನ್ನು ಬರಹಗಾರ ಬಿಟ್ಟರೂ ‘ತೆರು’ ಎಂಬ ಕ್ರಿಯಾಪದವು ಓದುಗನಿಂದ ‘ಯಾರಿಗೆ?’ ಎಂಬ ಪ್ರಶ್ನೆಯನ್ನು ಎಬ್ಬಿಸಿಯೇ ತೀರುತ್ತದೆ. ‘ಸವೆ’ಗೂ ‘ಮುಳುಗು’ವಿಗೂ ಆ ಒತ್ತಾಯವಿಲ್ಲ.

8. ಸಮಾರೋಪ

ಒಂದು ಭಾಷೆಯಲ್ಲಿ ನುಡಿಗಟ್ಟೊಂದು ಇಲ್ಲದಿರುವುದರಿಂದ ಆ ಅನುಭವವೇ ಇಲ್ಲವೆಂದಾಗಲಿ, ಆ ಸಮಾಜವು ಅದನ್ನು ಯೋಚಿಸಲಾರದೆಂದಾಗಲಿ ಹೇಳಲು ಬಾರದು. ಇಲ್ಲಿ ಕಂಡುದು ಇಷ್ಟು: ಕನ್ನಡವು ಮೆಲ್ಲನೆಯ ಹಾನಿಯನ್ನು ಹೇಳುವ ಕೆಲಸವನ್ನು ಹಲವು ಧಾತುಗಳಿಗೆ ಹಂಚಿತು, ಅವುಗಳಲ್ಲಿ ಹೆಚ್ಚು ಬಳಕೆಯಾದವು ಕಾರಣನನ್ನು ಮರೆಯಾಗಿಸುವ, ಇಲ್ಲವೆ ನೊಂದವನನ್ನೇ ಕರ್ತೃವಾಗಿಸುವ ಧಾತುಗಳು. ಶಾಸನದ ದಾನಭಾಷೆಯಿಂದ ಇಂದಿನ ಸನ್ಮಾನಭಾಷೆಯವರೆಗೆ ಈ ಒಲವಿಗೆ ಪೋಷಣೆ ಸಿಕ್ಕಿದೆ. ಆಯ್ಕೆಗಳು ಮುಗಿದಿಲ್ಲ. ಅರ್ಜಿ, ವರದಿ, ಅನುವಾದಗಳನ್ನು ಬರೆಯುವವರು ‘ಬಲಿ’ ಮತ್ತು ‘ತ್ಯಾಗ’ಗಳ ನಡುವೆ ಮೂರನೆಯ ಕ್ರಿಯಾಪದವೊಂದು ಇದೆಯೆಂದು ತಿಳಿದಿದ್ದರೆ ಸಾಕು.

ಆ ತರಗತಿಯ ವಿದ್ಯಾರ್ಥಿನಿ ತನ್ನ ಅಭ್ಯಾಸಪತ್ರಿಕೆಯಲ್ಲಿ ‘ಬಲಿ ತೆಗೆದುಕೊಂಡಿತು’ ಎಂಬುದನ್ನು ಹೊಡೆದುಹಾಕಿ ‘ತೆರುತ್ತ ಬಂದಿದ್ದೇವೆ’ ಎಂದು ತಿದ್ದಿದಳು. ಮೂಲದಲ್ಲಿದ್ದ ಪ್ರಥಮಪುರುಷ ಅವಳ ಅನುವಾದದಲ್ಲಿ ಉತ್ತಮಪುರುಷವಾಗಿತ್ತು. ಮೌಲ್ಯಮಾಪನದ ನಿಯಮದಂತೆ ಅದು ದೋಷ; ನಾನು ಅಂಕ ಕಳೆಯಲಿಲ್ಲ.